ಪಕ್ಕದ ಮನೆಯವಳ ಪ್ರಶ್ನೆಗಳು

ಮೂರನೇ ಹೆರಿಗೆಯ ಹೊತ್ತಿಗೆ ನಾನು ನೂರಾ ನಲವತ್ತೊಂದು ಕಿಲೋ ತೂಗುತ್ತಿದ್ದೆ. ಹಾಗೆಂದು ನನ್ನನ್ನು ದಪ್ಪ ಅಂದುಕೊಂಡೀರಿ, ನೋಡಲು ನಾನು ನುಗ್ಗೆಕಾಯಿ. ಬಳೆಗಾರ ನನ್ನ ಕೈ ನೋಡಿ, ಇದಕ್ಕೆ ಕೂಸಿನ ಅಳತೆಯ ಬಳೆಯೂ ಸಡಿಲವೇ ಎಂದು ಗೊಣಗುತ್ತಿದ್ದ. ಗೊಣಗುತ್ತಲೇ ಆ ಕೈ ಎತ್ತಲಾಗದೆ ಹೆಂಡತಿಯನ್ನು ಕೂಗುತ್ತಿದ್ದ. ನಾನು ಕೂತೆದ್ದ ಮಣೆ ಮರುದಿನ ಒಲೆಗೆ ಸೌದೆ. ನಾನು ಗಾಡಿ ಹತ್ತಲು ಬಂದರೆ ಎತ್ತುಗಳು ಕತ್ತು ತಿರುಗಿಸಿ ಒಮ್ಮೆ ನನ್ನನ್ನು ನೋಡಿ, ನೊಗದ ಕೆಳಗೆ ತಾವಾಗಿಯೇ ಮಲಗಿಬಿಡುತ್ತಿದ್ದವು. ಬಸ್ಸಿನ ಕಂಡಕ್ಟರ್ ನನಗೆ ಟಿಕೆಟ್ ಹರಿದದ್ದೇ ಇಲ್ಲ, ಲಗೇಜು ಚೀಟಿಯನ್ನೇ ಹರಿದ. ಇಷ್ಟು ತೂಕದ ಸೊಸೆ ಸುತ್ತ ಏಳು ಊರಿನಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವುದೂ ಇಲ್ಲ. ಇದು ನನ್ನ ಮಾತಲ್ಲ, ಬೆಲ್ಲದ ಮಂಡಿಯ ತಕ್ಕಡಿಯ ಮಾತು.

ನಮ್ಮೂರಿನಲ್ಲಿ ಕೇಳದೆ ನುಂಗಿದ ಪ್ರಶ್ನೆ ಮೈಮೇಲೆ ತೂಕವಾಗಿ ಕೂರುತ್ತದೆ. ಚಿಕ್ಕದಾದರೆ ಕಾಲು ಕಿಲೋ, ದೊಡ್ಡದಾದರೆ ನಾಲ್ಕೈದು. ಬಾಯಿ ಬಿಟ್ಟು ಕೇಳಿದರೆ ಇಳಿಯುತ್ತದೆ. ಕೇಳಿ ಬೈಸಿಕೊಂಡರೆ ಮಾತ್ರ ಇಮ್ಮಡಿಯಾಗಿ ಹಿಂದಿರುಗುತ್ತದೆ. ಗಂಡಸರು ಎದ್ದಾಗಿನಿಂದ ಮಲಗುವ ತನಕ ಕೇಳುವವರೇ. ಅಡುಗೆ ಆಯ್ತಾ, ಅಂಗಿ ಎಲ್ಲಿ, ಯಾರು ಬಂದಿದ್ದರು, ಯಾಕೆ ಬಂದಿದ್ದರು. ಹಾಗಾಗಿ ಅವರು ತೂರಿದ ಹೊಟ್ಟಿನಷ್ಟು ಹಗುರ. ಆಷಾಢದ ಗಾಳಿಯಲ್ಲಿ ಜೇಬಿಗೆ ಕಲ್ಲು ತುಂಬಿಕೊಂಡೇ ಹೊಲಕ್ಕೆ ಹೋಗುತ್ತಾರೆ. ದಿನವಿಡೀ ಪ್ರಶ್ನೆ ಕೇಳುವುದೇ ಕಸುಬಾದ ಮೇಷ್ಟ್ರು ಒಂದು ವರ್ಷ ಕಲ್ಲು ಮರೆತು ಹೊರಟು, ಗಾಳಿಗೆ ಹಾರಿ, ಆಚೆ ಊರಿನ ಶಾಲೆಯ ಹಂಚಿನ ಮೇಲೆ ಇಳಿದರು. ಇಲಾಖೆಯವರು ಅದನ್ನೇ ವರ್ಗಾವಣೆ ಎಂದು ಬರೆದುಕೊಂಡರು.

ಹೆಂಗಸರ ಕಥೆ ಬೇರೆ. ನಮ್ಮಲ್ಲಿ ಹೆಣ್ಣು ನೋಡಲು ಬರುವವರು ಹಾಡು ಹೇಳಿಸುವುದಿಲ್ಲ, ತಕ್ಕಡಿ ಹೊತ್ತು ತರುತ್ತಾರೆ. ಹುಡುಗಿ ತೂಗಿದಳು ಎಂದರೆ ಬಾಯಿ ಮುಚ್ಚಿಕೊಂಡು ಬೆಳೆದವಳು, ಒಳ್ಳೆಯ ಮನೆತನ. ನನ್ನ ತೌರು ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಐದನೇ ಹೆಣ್ಣಾಗಿ ಹುಟ್ಟಿದ್ದಕ್ಕೆ ನನಗೆ ಸಾಕಮ್ಮ ಎಂದು ಹೆಸರಿಟ್ಟಿದ್ದರು. ಯಾಕೆ ಆ ಹೆಸರು ಎಂದು ನಾನು ಕೇಳಲಿಲ್ಲ, ಆರು ಕಿಲೋ ಬಂತು. ಮದುವೆಯ ದಿನ ಎಂಬತ್ತೆಂಟು ತೂಗಿ ಬಂಡೆಯೋರ ಮನೆಗೆ ಸೊಸೆಯಾಗಿ ಬಂದೆ. ನನ್ನ ಅತ್ತೆ ಹಾಲಮ್ಮ ನನ್ನನ್ನು ಆರಿಸಿದ್ದೇ ಆ ಅಂಕಿ ನೋಡಿ.

ಯುಗಾದಿ ಕಳೆದು ಎಂಟನೇ ದಿನ ಬೆಲ್ಲದ ಮಂಡಿಯಲ್ಲಿ ಸೊಸೆಯರನ್ನು ತೂಗುತ್ತಾರೆ. ಒಂದು ತಟ್ಟೆಯಲ್ಲಿ ಸೊಸೆ, ಇನ್ನೊಂದರಲ್ಲಿ ಹತ್ತು ಕಿಲೋದ ಬೆಲ್ಲದ ಪೆಂಟೆಗಳು. ಯಾರ ಸೊಸೆ ಹೆಚ್ಚು ತೂಗುತ್ತಾಳೋ ಆ ಮನೆಯ ಅತ್ತೆಗೆ ವರ್ಷವಿಡೀ ಊರಿನ ಎಲ್ಲ ಮದುವೆಗಳಲ್ಲಿ ಮೊದಲ ಚಾಪೆ, ಮೊದಲ ತಾಂಬೂಲ. ಹಾಲಮ್ಮ ತನ್ನ ಕಾಲದಲ್ಲಿ ಹದಿಮೂರು ವರ್ಷ ಸತತವಾಗಿ ಗೆದ್ದವಳು, ಅರವತ್ತು ದಾಟಿದರೂ ಇನ್ನೂ ನೂರಾ ಅರವತ್ತಮೂರು ಕಿಲೋದ ಗಟ್ಟಿ ಹೆಂಗಸು. ನಾನು ಬಂದ ಮೇಲೆ ಐದು ವರ್ಷ ಮೊದಲ ಚಾಪೆ ನಮ್ಮದೇ. ನಾನು ತಟ್ಟೆಗೆ ಕಾಲಿಟ್ಟರೆ ಮಂಡಿಯ ತೊಲೆ ನರಳುತ್ತಿತ್ತು, ಜನ ಹಿಂದಕ್ಕೆ ಸರಿಯುತ್ತಿದ್ದರು, ಅತ್ತೆ ಸೆರಗು ಹೊದ್ದು ಯಾರ ಕಡೆಗೂ ನೋಡದೆ ನಿಲ್ಲುತ್ತಿದ್ದಳು. ಆ ನೋಡದೆ ನಿಲ್ಲುವ ಗತ್ತು ಊರಲ್ಲಿ ಮತ್ತೊಬ್ಬಳಿಗೆ ಬರಲಿಲ್ಲ.

ಮೂರನೇ ಹೆರಿಗೆಯಲ್ಲಿ ನನಗೆ ರಕ್ತ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಯ ಕಾಗದದಲ್ಲಿ ಆರು ಬಾಟಲಿ ಎಂದಿದೆ, ನನ್ನ ಲೆಕ್ಕದಲ್ಲಿ ಅರವತ್ತು. ಆ ಊರಿನವರ ರಕ್ತವೆಲ್ಲ ನನ್ನಲ್ಲೇ ಹರಿದು, ಮೂರು ದಿನ ನಾನು ಅವರ ಭಾಷೆಯಲ್ಲಿ ಕನವರಿಸಿದೆನಂತೆ. ನಾಲ್ಕನೇ ದಿನ ಡಾಕ್ಟರಮ್ಮ ಪರದೆಯ ಆಚೆ ನಿಂತು ನನ್ನ ಗಂಡ ತಿಪ್ಪೇಶನಿಗೆ ಹೇಳಿದ್ದು ನನಗೆ ಚೆನ್ನಾಗಿ ಕೇಳಿಸಿತು. ಇನ್ನೊಂದು ಬಸಿರು ನಿಂತರೆ ಈಕೆ ಉಳಿಯುತ್ತಾಳೆಂದು ನಂಬಿಕೊಂಡಿರಬೇಡಿ, ಎಂದಳು. ತಿಪ್ಪೇಶ ಎಲ್ಲವನ್ನೂ ಕೇಳುವವನು. ಕ್ಯಾಂಟೀನು ಎಲ್ಲಿದೆ, ಬಸ್ಸು ಎಷ್ಟಕ್ಕೆ, ಮಗುವಿಗೆ ಯಾರ ಮೂಗು ಬಂದಿದೆ, ಎಲ್ಲ ಕೇಳಿದ. ಹಾಗಾದರೆ ಬಸಿರು ನಿಲ್ಲದ ಹಾಗೆ ಏನು ಮಾಡಬೇಕು ಎಂದು ಮಾತ್ರ ಕೇಳಲಿಲ್ಲ. ಪರದೆಯ ಈಚೆ ಮಲಗಿದ್ದ ನಾನೂ ಕೇಳಲಿಲ್ಲ. ಕಬ್ಬಿಣದ ಮಂಚದ ನಡು ಬಾಗಿತು.

ನಮ್ಮೂರಿನ ಸಣ್ಣ ಆಸ್ಪತ್ರೆಯಲ್ಲಿ ಮೊದಲು ಒಬ್ಬ ಡಾಕ್ಟರು ಇದ್ದ, ಪಟ್ಟಿ ಡಾಕ್ಟರು ಎಂದೇ ಹೆಸರು. ವರ್ಷಕ್ಕೆ ಎಪ್ಪತ್ತು ಹೆಂಗಸರಿಗೆ ಕಾಪರ್-ಟಿ ಹಾಕಿ ಪಟ್ಟಿ ತುಂಬಬೇಕಿತ್ತು. ನಮ್ಮ ಕಡೆ ಅದಕ್ಕೆ ವಂಕಿ ಎನ್ನುತ್ತಾರೆ. ಮಲಗು ಅನ್ನುತ್ತಿದ್ದ, ಹಾಕುತ್ತಿದ್ದ, ಏಳು ಅನ್ನುತ್ತಿದ್ದ. ಆ ಹೆಂಗಸರು ಮನೆಗೆ ಹೋಗಿ, ಒಳಗೆ ಏನಿದೆ, ಎಲ್ಲಿದೆ, ಏನು ಮಾಡುತ್ತಿದೆ ಎಂದು ಒಬ್ಬರನ್ನೂ ಕೇಳಲಾರದೆ ದಿನಕ್ಕೊಂದು ಕಿಲೋ ಏರಿದರು. ಎರಡು ತಿಂಗಳಿಗೆ ಅವರ ಮನೆಯ ಹೊಸ್ತಿಲುಗಳು ನೆಲಕ್ಕಿಳಿದವು. ಒಬ್ಬೊಬ್ಬರಾಗಿ ಬಂದು ತೆಗಿ ಎಂದರು, ಮೇಜು ಮುರಿಯುವ ಹೆದರಿಕೆಗೆ ಅವನೂ ತೆಗೆದ. ಎಪ್ಪತ್ತರಲ್ಲಿ ಉಳಿದದ್ದು ಒಂದು. ಅದೂ ಆಕೆಗೆ ಮರೆತುಹೋಗಿದ್ದರಿಂದ.

ಅವನ ನಂತರ ಬಂದವಳು ನರ್ಸ್ ಜೈತುನ್‌ಬಿ. ನನ್ನ ಮೊಣಕೈವರೆಗೆ ಬರುವ ಹೆಂಗಸು, ಆದರೆ ನಡೆದರೆ ಎರಡು ಬೀದಿ ಒಟ್ಟಿಗೆ ನಡೆದ ಹಾಗೆ. ಬಂದವಳೇ ಕಂಬಾರನಿಂದ ಹಳೆಯ ರೈಲು ಹಳಿಗಳನ್ನು ಬೆಸೆಸಿ ಒಂದು ಬೆಂಚು ಮಾಡಿಸಿದಳು. ಮೊದಲು ಬೆಂಚು, ಆಮೇಲೆ ಮೇಜು ಎನ್ನುವುದು ಅವಳ ಕಾನೂನು. ಬೆಂಚಿನ ಮೇಲೆ ಕೂರಿಸಿ, ಏನಾದರೂ ಕೇಳಬೇಕಾ ಎಂದು ಕೇಳುತ್ತಿದ್ದಳು. ಮೊದಲ ವಾರ ಬಂದ ನಲವತ್ತು ಹೆಂಗಸರೂ ಏನಿಲ್ಲ ಸಿಸ್ಟರಮ್ಮ ಎಂದರು, ಹಳಿ ಕಿರ್ರೆಂದಿತು. ಎರಡನೇ ವಾರ ಹುರಿಗಡಲೆ ಮಾರುವ ದುರುಗವ್ವ ಎದ್ದು ಹೊರಡುವವಳು ಬಾಗಿಲಲ್ಲಿ ತಿರುಗಿ, ನನಗಲ್ಲ, ನಮ್ಮ ಪಕ್ಕದ ಮನೆಯವಳು ಕೇಳುತ್ತಿದ್ದಳು, ಅದು ಮೇಲಕ್ಕೇರಿ ಗಂಟಲಿಗೆ ಬರುತ್ತದಂತೆ ಹೌದಾ, ಎಂದಳು. ಅಷ್ಟಕ್ಕೇ ಅವಳ ಕಾಲ ಕೆಳಗಿನ ಹಾಸುಗಲ್ಲು ಅರ್ಧ ಇಂಚು ಮೇಲೆದ್ದಿತು. ಜೈತುನ್‌ಬಿ ಕಲ್ಲನ್ನು ನೋಡಿದಳು, ದುರುಗವ್ವನನ್ನು ನೋಡಿದಳು, ಮತ್ತೆ ಕೂರಿಸಿಕೊಂಡಳು. ಅಂದಿನಿಂದ ಆಕೆ ಯಾರನ್ನೂ ನಿನಗೇನು ಅನುಮಾನ ಎಂದು ಕೇಳಲಿಲ್ಲ. ಪಕ್ಕದ ಮನೆಯವಳು ಚೆನ್ನಾಗಿದ್ದಾಳಾ, ಏನಂತಾಳೆ, ಎಂದಷ್ಟೇ ಕೇಳುತ್ತಿದ್ದಳು. ಒಂದು ತಿಂಗಳಿಗೆ ಊರಿನ ಪಕ್ಕದ ಮನೆಯವಳಷ್ಟು ತಿಳಿವಳಿಕೆಯ ಹೆಂಗಸು ಲೋಕದಲ್ಲೇ ಇರಲಿಲ್ಲ.

ಬಾಣಂತನ ಮುಗಿಸಿ ನಾನು ಆ ಬೆಂಚಿನ ಮೇಲೆ ಕೂತಾಗ ಹಳಿ ಬಿಲ್ಲಾಯಿತು. ಬೇರೆಯವರಿಗೆ ಬರೀ ಕಿರ್ರೆಂದದ್ದು ನನಗೆ ಬಿಲ್ಲಾಯಿತು, ಇದನ್ನು ನೆನಪಿಡಿ. ನಮ್ಮ ಪಕ್ಕದ ಮನೆಯಲ್ಲಿ ಇದ್ದದ್ದು ತೊಂಬತ್ತು ದಾಟಿದ ಒಂಟಿ ಮುದುಕಿ. ಆದರೂ ನಾನು ಅವಳ ಹೆಸರಿನಲ್ಲೇ ಶುರು ಮಾಡಿದೆ. ಅದು ತುಕ್ಕು ಹಿಡಿಯುತ್ತದಾ ಎಂದು ಮುದುಕಿ ಕೇಳಿದಳು. ಗಂಡನಿಗೆ ಚುಚ್ಚುತ್ತದಾ ಎಂದು ಕೇಳಿದಳು. ಮೊಲೆಹಾಲು ಬತ್ತುತ್ತದಾ, ಸಿಡಿಲು ಸೆಳೆಯುತ್ತದಾ, ಕಳಚಿ ಬಿದ್ದರೆ ಗೊತ್ತಾಗುತ್ತದಾ, ಬೇಡವಾದರೆ ಬೀಗ ಒಡೆಯುವವನನ್ನು ಕರೆಸಬೇಕಾ. ಆ ಮುದುಕಿಗೆ ಈ ವಯಸ್ಸಿನಲ್ಲಿ ಗಂಡನಿಗೆ ಚುಚ್ಚುವ ಚಿಂತೆ ಯಾಕೆ ಎಂದು ಜೈತುನ್‌ಬಿ ಒಮ್ಮೆಯೂ ಕೇಳಲಿಲ್ಲ, ಒಮ್ಮೆಯೂ ನಗಲಿಲ್ಲ. ತಾಮ್ರ ತುಕ್ಕು ಹಿಡಿಯುವುದಿಲ್ಲ. ಅದು ಕೂರುವುದು ಗರ್ಭಚೀಲದಲ್ಲಿ, ಅಲ್ಲಿಂದ ಎದೆಗೆ ದಾರಿಯೇ ಇಲ್ಲ. ಸಾವಿರಕ್ಕೆ ಒಬ್ಬರಿಗೆ ಜಾಗ ತಪ್ಪುವುದುಂಟು, ಅದಕ್ಕೇ ತುದಿಯ ದಾರ ಬೆರಳಿಗೆ ಸಿಗುತ್ತದಾ ಎಂದು ತಿಂಗಳಿಗೊಮ್ಮೆ ನೋಡಿಕೋ. ಗಂಡನಿಗೆ ದಾರ ತಾಗಿದರೆ ಕತ್ತರಿಸಿ ಗಿಡ್ಡ ಮಾಡುತ್ತೇನೆ, ದಾರವನ್ನು, ಗಂಡನನ್ನಲ್ಲ. ಒಂದು ಪ್ರಶ್ನೆಗೆ ಮಾತ್ರ, ಇದು ನನಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಗುರುವಾರ ಹೇಳುತ್ತೇನೆ ಎಂದಳು. ಗುರುವಾರ ಮನೆಗೇ ಬಂದು ಹೇಳಿದಳು ಕೂಡ.

ಹಾಕುವ ಮೊದಲು ಆಕೆ ಹೇಳಿದ ಎರಡು ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

"ಮೊದಲ ಮೂರ್ನಾಲ್ಕು ತಿಂಗಳು ಮುಟ್ಟು ಜಾಸ್ತಿ ಹೋಗುತ್ತೆ, ಹೊಟ್ಟೆ ಹಿಂಡುತ್ತೆ. ನಿನಗೆ ಹೆದರಿಕೆ ಆಗೇ ಆಗುತ್ತೆ ಸಾಕಮ್ಮ. ಆ ದಿನ ಮನೇಲಿ ಕೂತು ನುಂಗಬ್ಯಾಡ, ಇಲ್ಲಿಗೆ ಬಾ. ಇನ್ನ ಇದು ಹತ್ತು ವರ್ಷ ಇರ್ತದೆ. ಆದ್ರೆ ನೀನು ತೆಗಿ ಅಂದ ದಿನ ತೆಗೀತೀನಿ, ಯಾಕೆ ಅಂತ ಜಗಳ ಆಡಲ್ಲ. ನೀನು ಅನ್ನಬೇಕು, ಅಷ್ಟೇ. ಊರೇ ಬಂದು ಅಂದ್ರೂ ನಾನು ಮುಟ್ಟಲ್ಲ."

ಆ ಮಧ್ಯಾಹ್ನ ನಾನು ನಲವತ್ತೊಂಬತ್ತು ಕಿಲೋದವಳಾಗಿ ಮನೆಗೆ ಬಂದೆ. ಬಂದೆ ಎನ್ನುವುದು ಸರಿಯಲ್ಲ, ತೇಲಿದೆ. ದಾರಿಯಲ್ಲಿ ಒಂದು ಚರಂಡಿಯನ್ನು ಸುಮ್ಮನೆ ಎರಡು ಸಲ ದಾಟಿದೆ. ಮನೆಯಲ್ಲಿ ನಾನು ಅಡ್ಡಾಡುವಾಗ ಗೂಡಿನ ತಟ್ಟೆ ಲೋಟಗಳು ಗಲಗಲ ಅನ್ನುವುದು ವಾಡಿಕೆ. ಅಂದು ಒಂದೂ ಸದ್ದು ಮಾಡಲಿಲ್ಲ. ಅತ್ತೆ ಗೂಡನ್ನು ನೋಡಿದಳು, ನನ್ನ ಪಾದಗಳನ್ನು ನೋಡಿದಳು. ಏನಾಯಿತು ಎಂದು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಆದರೆ ಅವಳು ಹಾಲಮ್ಮ, ಹದಿಮೂರು ವರ್ಷ ಗೆದ್ದವಳು, ಕೇಳಿಯಾಳೇ? ನಾನು ಆಸ್ಪತ್ರೆಯಿಂದ ಬಂದದ್ದನ್ನಷ್ಟೇ ಹಿಡಿದು, ತಾನೇ ಕೂತು, ತಾನೇ ಕೂಡಿಸಿ ಕಳೆದು, ವಂಕಿ ಎನ್ನುವುದು ಹೊಟ್ಟೆಯಲ್ಲಿ ಕೂತು ಹೆಂಗಸಿನ ತೂಕ ತಿನ್ನುವ ಜಂತು ಎಂದು ತೀರ್ಮಾನ ಮಾಡಿದಳು. ಅವಳಿಗೆ ಮೊಮ್ಮಕ್ಕಳ ಆಸೆ ಇರಲಿಲ್ಲ. ಇರುವ ಮೂರು ಮಕ್ಕಳೇ ಅವಳ ಸೆರಗಿನಲ್ಲಿ ಮೂಗು ಒರೆಸುತ್ತಿದ್ದವು. ಅವಳಿಗೆ ಬೇಕಾಗಿದ್ದದ್ದು ಚಾಪೆ.

ಯುಗಾದಿ ಬಂತು. ಮಂಡಿಯಲ್ಲಿ ನಾನು ತಟ್ಟೆಗೆ ಕಾಲಿಟ್ಟೆ. ತೂಗುವವನು ನನ್ನ ಖ್ಯಾತಿಗೆ ತಕ್ಕ ಹಾಗೆ ಎದುರಿಗೆ ಹದಿನಾಲ್ಕು ಪೆಂಟೆ ಒಟ್ಟಿಗೇ ಜೋಡಿಸಿಟ್ಟಿದ್ದ. ನಾನು ಎಷ್ಟು ರಭಸದಿಂದ ಮೇಲೆ ಹೋದೆ ಎಂದರೆ ಮಂಡಿಯ ಜಂತೆಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳು ನನಗೆ ಜಾಗ ಬಿಟ್ಟುಕೊಟ್ಟವು. ಊರಿಗೆ ಊರೇ ಕತ್ತೆತ್ತಿ ನನ್ನ ಅಂಗಾಲು ನೋಡಿತು. ನಾನು ಮೇಲಿಂದ ನೋಡಿದ್ದು ಅತ್ತೆಯನ್ನು. ಮೊದಲ ಸಲ ಅವಳು ಎಲ್ಲರ ಮುಖವನ್ನೂ ನೋಡುತ್ತಿದ್ದಳು. ಆ ವರ್ಷ ಗೆದ್ದದ್ದು ಗಾಣದ ಮನೆಯ ಸೊಸೆ, ತೊಂಬತ್ತೆರಡು. ತೊಂಬತ್ತೆರಡು ಕಿಲೋ ನಾನು ಒಂದು ಕಾಲಿನಲ್ಲಿ ತೂಗುತ್ತಿದ್ದೆ. ಗಾಣದ ಮನೆಯ ಅತ್ತೆ ಹಾಲಮ್ಮನ ಬಳಿ ಬಂದು, ಸೊಸೆಗೆ ಊಟ ಹಾಕ್ತೀಯೋ ಇಲ್ವೋ ಅಕ್ಕಾ ಎಂದು ನಗೆಯಾಡಿ ಹೋದಳು.

ಮನೆಗೆ ಬಂದು ಅತ್ತೆ ಹೇಳಿದ್ದು ಒಂದೇ ಮಾತು: ಶುಕ್ರವಾರದೊಳಗೆ ಅದು ನಿನ್ನ ಮೈಯಿಂದ ಹೊರಗೆ, ಇಲ್ಲವಾದರೆ ನೀನು ಈ ಮನೆಯಿಂದ. ತಿಪ್ಪೇಶ ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ, ಸಾರಿಗೆ ಒಗ್ಗರಣೆ ಹಾಕಿದೆಯಾ ಎಂದು ಕೇಳಿದ. ಇನ್ನೂ ಒಂದು ಸಂಗತಿ ಇತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ತಿಂಗಳು ನನಗೆ ಮುಟ್ಟು ಬಂದು ಎಂಟು ದಿನವಾದರೂ ನಿಂತಿರಲಿಲ್ಲ. ಬಚ್ಚಲಲ್ಲಿ ನೀರಿನ ಬಣ್ಣ ನೋಡಿದಾಗಲೆಲ್ಲ ದೊಡ್ಡಾಸ್ಪತ್ರೆಯ ಮಂಚ ಕಣ್ಣಿಗೆ ಕಟ್ಟುತ್ತಿತ್ತು. ತೆಗೆಸಿದರೆ ಬಸಿರು, ಬಸಿರಾದರೆ ಸಾವು. ತೆಗೆಸದಿದ್ದರೆ ಈ ರಕ್ತ. ಜೈತುನ್‌ಬಿ ಬಾ ಎಂದಿದ್ದಳು. ನಾನು ಹೋಗಲಿಲ್ಲ, ನುಂಗಿದೆ. ಶುಕ್ರವಾರದ ಬೆಳಿಗ್ಗೆ ತಟ್ಟೆ ಲೋಟಗಳು ಮತ್ತೆ ಸಣ್ಣಗೆ ಅಲುಗಲು ಶುರುವಾಗಿದ್ದವು. ಅತ್ತೆ ಅದನ್ನು ಕೇಳಿ, ತೆಗೆಸುವ ಮಾತೆತ್ತಿದ್ದಕ್ಕೇ ಇಷ್ಟು ಬಂತು, ತೆಗೆಸಿದರೆ ಇನ್ನೆಷ್ಟು ಬಂದೀತು ಎಂದು ಹಿಗ್ಗಿದಳು.

ಆಸ್ಪತ್ರೆಗೆ ಅತ್ತೆ ನಡೆದೇ ಬಂದಳು, ಹಿಂದೆ ನಾನು, ತಿಪ್ಪೇಶ. ಬೀದಿಯ ನಾಯಿಗಳು ಎದ್ದು ನಿಂತವು. ಒಳಗೆ ಬಂದವಳೇ ಬೆಂಚಿನ ನಡುವೆ ಕೂತು, ಇವಳ ತೂಕ ತಿನ್ನೋ ಆ ಜಂತು ತೆಗಿ ಎಂದಳು. ಜೈತುನ್‌ಬಿ ನನ್ನ ಕಡೆ ತಿರುಗಿ, ತೆಗೀಲಾ ಸಾಕಮ್ಮ ಎಂದು ಕೇಳಿದಳು. ನಾನು ನೆಲ ನೋಡಿದೆ. ಅತ್ತೆ, ಅವಳನ್ನೇನು ಕೇಳೋದು, ನಾನು ಹೇಳಲಿಲ್ವೇನು ಎಂದಳು. ನಿಮ್ಮನ್ನ ಕೇಳಲಿಲ್ಲ ಹಾಲಮ್ಮ, ಎಂದಳು ಜೈತುನ್‌ಬಿ, ದನಿ ಏರಿಸದೆ. ಆಮೇಲೆ ಬೀರುವಿನಿಂದ ಒಂದು ಹೊಸ ಪೊಟ್ಟಣ ತೆಗೆದು, ಹರಿದು, ಒಳಗಿದ್ದುದನ್ನು ಅತ್ತೆಯ ಅಂಗೈ ಮೇಲೆ ಇಟ್ಟಳು. ಇದೇ ಅದು, ತೂಕ ತಿನ್ನೋ ಜಂತು, ನೋಡಿಕೊಳ್ಳಿ ಎಂದು ತನ್ನ ಪಾಡಿಗೆ ತಾನು ಸೂಜಿ ಕುದಿಸಲು ಹೋದಳು.

ಅತ್ತೆ ಕುಡುಗೋಲಿನಷ್ಟು ದೊಡ್ಡ ಕಬ್ಬಿಣವನ್ನು ಕಲ್ಪಿಸಿಕೊಂಡಿದ್ದಳು, ಬಾಯಿ ಹಲ್ಲು ಎಲ್ಲ ಇರುವಂಥದ್ದು. ಅಂಗೈ ಮೇಲೆ ಇದ್ದದ್ದು ಕಿರುಬೆರಳಿನ ಅರ್ಧದಷ್ಟು ಉದ್ದದ ಬಿಳಿ ಕಡ್ಡಿ, ಅದಕ್ಕೆ ಸುತ್ತಿದ ಎಳೆ ತಾಮ್ರ, ತುದಿಯಲ್ಲಿ ಜಿರಲೆ ಮೀಸೆಯಂಥ ಎರಡು ದಾರ. ಅತ್ತೆ ಅದನ್ನು ಮಗುಚಿ ನೋಡಿದಳು, ಮೂಸಿದಳು, ಬೆರಳಿನಿಂದ ಮೀಸೆ ಎಳೆದಳು. ಆಗ ಶುರುವಾಯಿತು ನೋಡಿ. ಬೆಂಚು ಮೊದಲು ಕಿರ್ರೆಂದಿತು, ಆಮೇಲೆ ಗುಡುಗಿತು. ಅವಳ ಒಳಗೆ ಒಂದಾದ ಮೇಲೊಂದು ಪ್ರಶ್ನೆ ಹುಟ್ಟುತ್ತಿರುವುದು, ಒಂದೊಂದನ್ನೂ ಅವಳು ಉಗುಳು ನುಂಗುವ ಹಾಗೆ ನುಂಗುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಇನ್ನೂರು ಕಿಲೋ, ಮುನ್ನೂರು. ಬೆಂಚಿನ ಕಾಲುಗಳು ಹಾಸುಗಲ್ಲು ಸೀಳಿ ಗೇಣುದ್ದ ಕೆಳಗಿಳಿದವು. ಔಷಧದ ಬಾಟಲಿಗಳೆಲ್ಲ ಇಳಿಜಾರಿಗೆ ಉರುಳಿ ಅವಳ ಪಾದದ ಬಳಿ ಬಂದು ಸೇರಿದವು. ನಡಿಯೇ ಮನೆಗೆ ಹೋಗಾಣ ಎಂದು ಅತ್ತೆ ಏಳಲು ನೋಡಿದಳು. ಆಗಲಿಲ್ಲ.

ಹೊರಗಿದ್ದ ತಿಪ್ಪೇಶನನ್ನೂ ಎದುರಿನ ಟೀ ಅಂಗಡಿಯ ನಾಲ್ಕು ಜನ ಗಂಡಸರನ್ನೂ ಕರೆಸಿದೆವು. ಅವರು ಅವಳ ತೋಳುಗಳಿಗೆ ಜೋತುಬಿದ್ದು ಎಳೆದರು. ಒಣಹಾಕಿದ ಲಂಗೋಟಿಗಳ ಹಾಗೆ ಗಾಳಿಯಲ್ಲಿ ಆಡಿದರೇ ಹೊರತು ಅವಳ ಒಂದು ಬೆರಳು ಅಲ್ಲಾಡಲಿಲ್ಲ. ಎಳೆಯುತ್ತಲೇ ಕೇಳುತ್ತಿದ್ದರು ಬೇರೆ: ಯಾಕೆ ಹಿಂಗಾಯ್ತು, ಯಾವಾಗ ಆಯ್ತು, ಇಲ್ಲಿ ಟೀ ಕೊಡ್ತಾರಾ. ಒಂದೊಂದು ಪ್ರಶ್ನೆಗೂ ಇನ್ನಷ್ಟು ಹಗುರಾದರು. ಜೈತುನ್‌ಬಿ ಅವರೆಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು, ಸ್ಟೂಲು ಎಳೆದುಕೊಂಡು ಅತ್ತೆಯ ಎದುರು ಕೂತಳು. ಕೂತಾಗ ಅವಳ ಕಣ್ಣು ಅತ್ತೆಯ ಕಣ್ಣಿನ ಮಟ್ಟಕ್ಕೇ ಬಂತು, ಅತ್ತೆ ಅಷ್ಟು ಕೆಳಗೆ ಇಳಿದಿದ್ದಳು.

"ನಿಮ್ಮ ಪಕ್ಕದ ಮನೆಯವಳು ಹೆಂಗವಳೆ ಹಾಲಮ್ಮ?"

ಅತ್ತೆ ಗೋಡೆ ನೋಡಿದಳು. ಒಂದು ಗಂಟೆ ಗೋಡೆ ನೋಡಿದಳು. ಸೂಜಿಗಳು ಕುದ್ದು ಕುದ್ದು ನೀರು ಬತ್ತಿತು. ಕೊನೆಗೆ ಅತ್ತೆ, ಅವಳಿಗೇನು ಧಾಡಿ, ತೊಂಬತ್ತಾದರೂ ನಾಲಿಗೆ ನೆಟ್ಟಗಿದೆ ಎಂದಳು. ಏನೋ ಕೇಳ್ತಾ ಇದ್ದಳು, ಎಂದೂ ಸೇರಿಸಿದಳು. ಆಮೇಲೆ ಕಟ್ಟೆ ಒಡೆಯಿತು. ಆ ಮುದುಕಿಗೆ ಗೊತ್ತಾಗಬೇಕಿತ್ತಂತೆ: ಇದು ಎಲ್ಲಿ ಕೂರುತ್ತದೆ, ಹಲ್ಲೇ ಇಲ್ಲದ್ದು ಬಸಿರನ್ನು ಹೇಗೆ ತಡೆಯುತ್ತದೆ, ಭಾರ ಎತ್ತಿದರೆ ಜಾರುತ್ತದಾ, ಸತ್ತ ಮೇಲೆ ಮಣ್ಣಿನಲ್ಲಿ ಇದೇನಾಗುತ್ತದೆ, ತೆಗೆಸಿದರೆ ಮತ್ತೆ ಮಕ್ಕಳಾಗುತ್ತವಾ. ಜೈತುನ್‌ಬಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಅಂಗೈ ಮೇಲಿನ ಕಡ್ಡಿಯನ್ನೇ ಹಿಡಿದು, ತನ್ನ ಎರಡು ಮುಷ್ಟಿ ಜೋಡಿಸಿ ಗರ್ಭಚೀಲ ಮಾಡಿ ತೋರಿಸಿದಳು. ತೂಕ ತಿನ್ನುತ್ತದಾ ಎಂದಾಗ ಮಾತ್ರ ಉತ್ತರ ಹೇಳದೆ, ಬೆಂಚಿನ ಕಾಲುಗಳನ್ನು ನೋಡಿ ಎಂದಳು. ಅತ್ತೆ ಬಗ್ಗಿ ನೋಡಿದಳು. ಬೆಂಚು ಹಾಸುಗಲ್ಲಿನಿಂದ ಪೂರಾ ಮೇಲೆ ಬಂದಿತ್ತು. ಅವಳ ಒಳಗೆ ಯಾವ ವಂಕಿಯೂ ಇರಲಿಲ್ಲ. ಅತ್ತೆ ದಡ್ಡಿಯಲ್ಲ. ಸೊಸೆಯ ತೂಕ ಎಲ್ಲಿ ಹೋಯಿತು ಎಂದು ಅವಳಿಗೆ ಆಗಲೇ ಹೊಳೆಯಿತು.

ಇನ್ನು ಎದ್ದು ಹೊರಡಬಹುದಿತ್ತು. ಅವಳು ಹೊರಡಲಿಲ್ಲ. ಕಡ್ಡಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು.

"ನನ್ನ ಕಾಲಕ್ಕೆ ಇದು ಇತ್ತಾ?" ಎಂದಳು.

ಈ ಸಲ ಪಕ್ಕದ ಮನೆಯವಳ ಹೆಸರು ಬರಲಿಲ್ಲ. ಜೈತುನ್‌ಬಿ ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ.

"ಇತ್ತು. ಇದೇ ಆಕಾರ ಅಲ್ಲ, ಜಿಲೇಬಿ ಸುತ್ತಿದ ಹಂಗೆ ಇರೋದು."

"ಈ ಊರಲ್ಲಿ?"

"ಇದೇ ಆಸ್ಪತ್ರೇಲಿ."

ಹಾಲಮ್ಮ ಹೆತ್ತದ್ದು ಒಂಬತ್ತು. ಉಳಿದದ್ದು ಮೂರು. ಆರನೆಯದಾದ ಮೇಲೆ ಅವಳ ಗರ್ಭ ಜಾರಿ, ಬಟ್ಟೆಯ ಉಂಡೆ ಕಟ್ಟಿಕೊಂಡೇ ಇನ್ನೂ ಮೂರು ಹೆತ್ತಳು ಎಂದು ಊರ ಹೆಂಗಸರು ಹೇಳುತ್ತಾರೆ. ಅವಳು ಎಂದೂ ಹೇಳಿದವಳಲ್ಲ. ಅವಳು ಬೆರಳುಗಳನ್ನು ಮಡಿಸುತ್ತ ಏನೋ ಎಣಿಸಿದಳು. ಐದರವರೆಗೆ ಮಡಿಸಿದಳು, ಆರನೆಯ ಬೆರಳಿನ ಹತ್ತಿರ ನಿಂತಳು. ಅಷ್ಟು ಹೊತ್ತೂ ಬೆಂಚು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

ಜೈತುನ್‌ಬಿ ಎದ್ದು ಅವಳಿಗೆ ಒಂದು ಲೋಟ ನೀರು ಕೊಟ್ಟಳು. ಕುಡಿದು ಮುಗಿಸುವ ತನಕ ಪಕ್ಕದಲ್ಲೇ ನಿಂತಳು. ಆಮೇಲೆ ಅದೇ ದನಿಯಲ್ಲಿ ಮತ್ತೆ ನನ್ನನ್ನು, ತೆಗೀಲಾ ಎಂದು ಕೇಳಿದಳು. ನಾನು ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಿದೆ.

"ನನ್ನನ್ನ್ಯಾಕೆ ನೋಡ್ತೀಯ?" ಎಂದಳು ಅತ್ತೆ. "ನನ್ನ ಹೊಟ್ಟೇಲಿ ಐತಾ ಅದು?"

ಹಾಗಾಗಿ ಉಳಿದದ್ದು ನಾನು, ನನ್ನ ಎಂಟು ದಿನದ ರಕ್ತ. ನಾನು ಪಕ್ಕದ ಮನೆಯ ಮುದುಕಿಯನ್ನು ಕರೆಯಲು ಬಾಯಿ ತೆರೆದೆ, ಆದರೆ ಆ ಮಾತು ತೊಂಬತ್ತು ವರ್ಷದವಳ ತಲೆಗೆ ಕಟ್ಟುವಂಥದ್ದಲ್ಲ. "ನಿಲ್ತಾ ಇಲ್ಲ ಸಿಸ್ಟರಮ್ಮ," ಎಂದೆ. "ಇದೂ ಆ ಹೆರಿಗೆ ದಿನದ ರಕ್ತದಂಥದ್ದೇನಾ? ಹಂಗೇ ಹೋಗಿಬಿಡ್ತೀನಾ?"

ಆಕೆ ನನ್ನನ್ನು ಮಲಗಿಸಿ ದಾರ ನೋಡಿದಳು, ಕೆಳರೆಪ್ಪೆ ಎಳೆದು ನೋಡಿದಳು, ಬೆರಳು ಚುಚ್ಚಿ ಒಂದು ಹನಿ ತೆಗೆದು ಗಾಜಿನ ನಳಿಗೆಯಲ್ಲಿ ಬಣ್ಣ ಹೋಲಿಸಿದಳು. ದಿನಕ್ಕೆ ಎಷ್ಟು ಬಟ್ಟೆ, ಗಡ್ಡೆ ಎಷ್ಟು ದೊಡ್ಡದು, ಜ್ವರ ಇದೆಯಾ, ಎಲ್ಲ ಕೇಳಿದಳು. ನನ್ನನ್ನು ಅಷ್ಟು ಪ್ರಶ್ನೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಆಮೇಲೆ ಹೇಳಿದಳು: ಅದಲ್ಲ ಇದು. ಅಂದು ಹೋದದ್ದು ನಿಲ್ಲಲು ದಾರಿ ಕಾಣದ ರಕ್ತ, ಇದು ತಿಂಗಳಿನದು, ವಂಕಿ ಹೊಸದಾದ್ದರಿಂದ ಎರಡು ಪಾಲು. ದಾರ ಜಾಗದಲ್ಲೇ ಇದೆ. ರಕ್ತ ಸ್ವಲ್ಪ ಕಡಿಮೆ ಇದೆ, ಅದಕ್ಕೆ ಕಬ್ಬಿಣದ ಮಾತ್ರೆ. ನೋವಿಗೂ ಹರಿವಿಗೂ ಐದು ದಿನ ಈ ಇನ್ನೊಂದು. ಗಂಟೆಗೊಂದು ಬಟ್ಟೆ ತೊಯ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಆ ಕ್ಷಣವೇ ಬಾ. ಇನ್ನೆರಡು ಮೂರು ತಿಂಗಳು ಹೀಗೇ ಇರಬಹುದು, ಆಮೇಲೆ ತಗ್ಗುತ್ತದೆ. ಅಷ್ಟು ದಿನ ತಡೆಯಲಾಗದಿದ್ದರೆ ಇವತ್ತೇ ತೆಗೆದು, ಬೇರೆ ಉಪಾಯ ಏನೇನಿದೆ ಎಂದು ಇಲ್ಲೇ ಕೂತು ನೋಡೋಣ. ನೀನು ಹೇಳು.

ಇಡೀ ಬದುಕಿನಲ್ಲಿ ಅಷ್ಟು ಹಗುರವಾಗಿ ನಾನು ಒಂದು ಮೇಜಿನ ಮೇಲೆ ಮಲಗಿರಲಿಲ್ಲ. ಬೆನ್ನಿಗೂ ಹಾಸಿದ ರಬ್ಬರ್ ಹಾಳೆಗೂ ನಡುವೆ ಎರಡು ಬೆರಳು ಗಾಳಿ ಆಡುತ್ತಿತ್ತು ಎಂದರೆ ನಂಬುತ್ತೀರಾ? "ಇರಲಿ," ಎಂದೆ.

ಮನೆಗೆ ಹೋಗುವಾಗ ಅತ್ತೆ ನನ್ನ ಮುಂದೆ ಮುಂದೆ ನಡೆದಳು. ಈಗ ಅವಳ ಕಾಲು ಎಲ್ಲಿ ಬಿತ್ತು ಎಂದು ಮಣ್ಣಿನಲ್ಲಿ ಗುರುತೇ ಸಿಗುತ್ತಿರಲಿಲ್ಲ. ಗಾಣದ ಮನೆಯ ಅತ್ತೆ ಜಗಲಿಯಲ್ಲಿ ಕೂತಿದ್ದವಳು, ತೆಗೆಸಿದ್ಯಾ ಅಕ್ಕಾ ಎಂದು ಕೂಗಿದಳು. ಹಾಲಮ್ಮ ನಿಂತು, ನಿನ್ನ ಸೊಸೆ ಏನು ಕೇಳಬೇಕು ಅಂತ ಅಷ್ಟು ತೂಗ್ತಾಳೆ, ಒಂದಿನ ಕೂರಿಸ್ಕೊಂಡು ವಿಚಾರಿಸು ಎಂದು ಹೇಳಿ ಮುಂದೆ ಹೋದಳು.

ಮನೆಯಲ್ಲಿ ಮಾವ ಗಾದ್ರಪ್ಪ ಊಟಕ್ಕೆ ಕೂತಿದ್ದ. ಎಲ್ಲಿ ಹೋಗಿದ್ದಿರಿ, ಯಾಕಿಷ್ಟು ಹೊತ್ತು, ಮುದ್ದೆ ಯಾಕೆ ಆರಿದೆ, ಮೂರೂ ಒಂದೇ ಉಸಿರಿನಲ್ಲಿ ಕೇಳಿದ. ನಲವತ್ತೆರಡು ವರ್ಷದಿಂದ ಊಟದ ಹೊತ್ತಿನಲ್ಲಿ ಅತ್ತೆ ಬಾಗಿಲ ಪಕ್ಕದಲ್ಲಿ ನಿಲ್ಲುವವಳು; ಅಂದು ಒಂದು ಚಾಪೆ ಎಳೆದು ಅವನ ಎದುರಿಗೇ ಹಾಕಿ ಕೂತಳು. ನಾನು ಸಾರಿನ ಸೌಟು ಹಿಡಿದು ನಿಂತೆ. ತಿಪ್ಪೇಶ ಎತ್ತಿದ ತುತ್ತನ್ನು ಹಾಗೆಯೇ ಹಿಡಿದಿದ್ದ.

"ಆಸ್ಪತ್ರೇಲಿ ವಂಕಿ ಹಾಕ್ತಾರಂತ ನಿನಗೆ ಆಗಲೇ ಗೊತ್ತಿತ್ತಾ?" ಎಂದು ಅತ್ತೆ ಕೇಳಿದಳು. "ನಮ್ಮ ಕಾಲದಾಗೆ. ಆರನೇದಾದ ಮೇಲೆ."

ಮಾವ ಮುದ್ದೆ ಮುರಿದ. ಸಾರಿಗೆ ಉಪ್ಪು ಹಾಕಿದ್ದೀಯಾ ಎಂದು ನನ್ನನ್ನು ಕೇಳಿದ. ನಾನು ಸೌಟನ್ನು ಪಾತ್ರೆಗೆ ಇಳಿಸಿದೆ. ಅವನು ತಟ್ಟೆ ನೋಡಿದ, ಮಗನನ್ನು ನೋಡಿದ, ಮತ್ತೆ ತಟ್ಟೆ ನೋಡಿದ.

ಅತ್ತೆ ಇನ್ನೊಮ್ಮೆ ಕೇಳಿದಳು.